ಯುಗಾದಿಯ ಮೂರು ದಿನಗಳು: ಬೆಂಗಳೂರಿನಲ್ಲಿ ಒಂದು ಪ್ರಕೃತಿಪಾಠ

ಯುಗಾದಿಯ ಬೆಳಗಿನಲ್ಲಿ ಬೇವು ಬೆಲ್ಲವನ್ನು ಸವಿಯದ ಕನ್ನಡಿಗರ ಮನೆ ವಿರಳ. ಬೇವಿನ ಹೂವನ್ನು ತರುವ ಕೆಲಸ ಸಾಮಾನ್ಯವಾಗಿ ಮನೆಯ ಹುಡುಗರ ಪಾಲಿಗೆ ಬರುತ್ತದೆ. ನಾವು ವಿದ್ಯಾರ್ಥಿಗಳಾಗಿದ್ದಾಗ ನಮ್ಮ ಪಾಲಿಗೂ ಅದು ಬಂದಿತ್ತು. ನಮ್ಮ ಬೀದಿಯ ತಿರುವಿನಲ್ಲಿ ಒಂದು ದೊಡ್ಡ ಬೇವಿನ ಮರವಿತ್ತು. ಕೆಲವು ವರ್ಷ ಅದರ ತುಂಬ ಹೂವು. ಕೆಲವು ವರ್ಷ ಬರಿಯ ಮೊಗ್ಗು. ಮೊಗ್ಗನ್ನು ತಂದ ವರ್ಷ ಅಮ್ಮನಿಂದ ಮಾತು ಕೇಳಬೇಕಾಗುತ್ತಿತ್ತು.

ಈಗ ಒಂದು ಪ್ರಶ್ನೆ. ಯುಗಾದಿಯು ಚಾಂದ್ರಮಾನದ ಹಬ್ಬ. ೨೦೨೪ರಲ್ಲಿ ಅದು ಏಪ್ರಿಲ್ ೯ರಂದು ಬಂದಿತು. ೨೦೨೫ರಲ್ಲಿ ಮಾರ್ಚ್ ೩೦ರಂದು. ೨೦೨೬ರಲ್ಲಿ ಮಾರ್ಚ್ ೧೯ರಂದು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು ೩೫೪ ದಿನ, ಸೌರವರ್ಷಕ್ಕೆ ಸುಮಾರು ೩೬೫ ದಿನ. ಆದುದರಿಂದ ಹಬ್ಬವು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಬಂದು, ಅಧಿಕಮಾಸವೊಂದು ಸೇರಿದೊಡನೆ ಮತ್ತೆ ಮುಂದಕ್ಕೆ ಹೋಗುತ್ತದೆ. ಆದರೆ ಬೇವಿನ ಮರ ಪಂಚಾಂಗವನ್ನು ನೋಡುವುದಿಲ್ಲ. ಹಾಗಿದ್ದರೆ ಅದು ಯಾವಾಗ ಹೂ ಬಿಡುತ್ತದೆ? ಪ್ರತಿವರ್ಷವೂ ಒಂದೇ ತಾರೀಖಿನ ಆಸುಪಾಸಿನಲ್ಲಿಯೆ? ಮೊದಲಿಗಿಂತ ಈಗ ಬೇಗನೆ ಬಿಡುತ್ತಿದೆಯೆ?

ನಮ್ಮ ಬೀದಿಯ ಮರದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಹತ್ತು ಹನ್ನೆರಡು ವರ್ಷ ಅದನ್ನು ಕಣ್ಣಾರೆ ಕಂಡೆವು. ಒಂದು ವರ್ಷವಾದರೂ ತಾರೀಖನ್ನು ಬರೆದಿಡಲಿಲ್ಲ. ರಸ್ತೆಯನ್ನು ಅಗಲ ಮಾಡುವಾಗ ಮರ ಹೋಯಿತು. ಕಂಡದ್ದನ್ನು ಬರೆದಿಡದಿದ್ದರೆ ಕಾಣದೆ ಇದ್ದಂತೆಯೇ ಎಂಬ ಪಾಠವನ್ನು ನಾವು ಹೀಗೆ ತಡವಾಗಿ ಕಲಿತೆವು. ನಮ್ಮ ಓದುಗರಾದ ವಿದ್ಯಾರ್ಥಿಗಳು ಅದನ್ನು ಬೇಗನೆ ಕಲಿಯಲೆಂಬುದೇ ಈ ಲೇಖನದ ಉದ್ದೇಶ.

ಯುಗಾದಿಯ ರಜೆಯೊಡನೆ ಶನಿವಾರ ಭಾನುವಾರಗಳು ಕೂಡಿಬಂದರೆ ಮೂರು ದಿನಗಳ ಬಿಡುವು ದೊರೆಯುತ್ತದೆ. ಈ ಮೂರು ದಿನಗಳನ್ನು ಬೆಂಗಳೂರಿನಲ್ಲಿಯೂ ಅದರ ಸುತ್ತಮುತ್ತಲೂ ಹೇಗೆ ಕಳೆಯಬಹುದೆಂಬುದನ್ನು ನೋಡೋಣ. ಹೆಚ್ಚಿನ ಹಣ ಬೇಕಿಲ್ಲ. ಒಂದು ಮೀಟರ್ ಉದ್ದದ ನೆಟ್ಟನೆಯ ಕೋಲು, ಮೂರು ಮೀಟರ್ ದಾರ, ಅಳತೆಯ ಪಟ್ಟಿ, ಕೋನಮಾಪಕ, ಸಾಧ್ಯವಾದರೆ ಒಂದು ಭೂತಗನ್ನಡಿ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಟಿಪ್ಪಣಿ ಪುಸ್ತಕ ಮತ್ತು ಸೀಸದ ಕಡ್ಡಿ, ಇಷ್ಟು ಸಾಕು.

ಮೊದಲನೆಯ ದಿನ: ಅಂಗಳದಲ್ಲಿ ಸೂರ್ಯ

ಹಬ್ಬದ ದಿನ ಮನೆ ಬಿಟ್ಟು ಹೋಗುವುದು ಕಷ್ಟ. ಆದುದರಿಂದ ಮೊದಲನೆಯ ಪ್ರಯೋಗವನ್ನು ಅಂಗಳದಲ್ಲಿಯೋ ಮಾಳಿಗೆಯ ಮೇಲೋ ಮಾಡೋಣ.

ಸಮತಟ್ಟಾದ ಜಾಗದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೆ ಎಂಬುದನ್ನು ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ಪರೀಕ್ಷಿಸಿಕೊಳ್ಳಿ. ನಮ್ಮ ಪ್ರಾಚೀನರು ಇಂತಹ ಕೋಲನ್ನು ಶಂಕು ಎಂದು ಕರೆದರು. ದಿಕ್ಕುಗಳನ್ನು ಗೊತ್ತುಮಾಡಲು ಅದನ್ನು ಬಳಸುವ ಕ್ರಮವನ್ನು ಕಾತ್ಯಾಯನ ಶುಲ್ಬಸೂತ್ರದಲ್ಲಿ ಕಾಣಬಹುದು. ಆ ಕ್ರಮ ಇಂದಿಗೂ ಒಪ್ಪತಕ್ಕದ್ದೇ. ಕೋಲಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಸುಮಾರು ಅರ್ಧ ಮೀಟರ್ ತ್ರಿಜ್ಯದ ಒಂದು ವೃತ್ತವನ್ನು ಎಳೆಯಿರಿ. ಬೆಳಗಿನಲ್ಲಿ ನೆರಳು ಉದ್ದವಾಗಿದ್ದು ಕ್ರಮೇಣ ಕುಗ್ಗುತ್ತದೆ. ಅದರ ತುದಿ ವೃತ್ತವನ್ನು ಮುಟ್ಟಿದಾಗ ಅಲ್ಲಿ ಗುರುತು ಮಾಡಿ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ವೃತ್ತವನ್ನು ಮುಟ್ಟಿದಾಗ ಇನ್ನೊಂದು ಗುರುತು ಮಾಡಿ. ಎರಡನ್ನೂ ಸೇರಿಸಿದ ರೇಖೆ ಹೆಚ್ಚುಕಡಮೆ ಪೂರ್ವಪಶ್ಚಿಮ ರೇಖೆ. ಅದರ ಮಧ್ಯಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದ ರೇಖೆ ಉತ್ತರದಕ್ಷಿಣ ರೇಖೆ. ಈ ಕೆಲಸದಲ್ಲಿ ನೆರಳನ್ನು ಮಾತ್ರ ನೋಡತಕ್ಕದ್ದು. ಸೂರ್ಯನನ್ನು ಬರಿಗಣ್ಣಿನಿಂದ ಎಂದಿಗೂ ನೋಡಕೂಡದು.

ನೆರಳು ಅತ್ಯಂತ ಮೋಟಾಗುವ ಗಳಿಗೆಯೇ ನಿಜವಾದ ಮಧ್ಯಾಹ್ನ. ಅದು ಗಡಿಯಾರದ ಹನ್ನೆರಡು ಗಂಟೆಗೆ ಆಗುವುದಿಲ್ಲ. ಭಾರತದ ಗಡಿಯಾರಗಳೆಲ್ಲ ೮೨½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬೆಂಗಳೂರಿನ ರೇಖಾಂಶ ಸುಮಾರು ೭೭ ಡಿಗ್ರಿ ೩೫ ನಿಮಿಷ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಕಾಲದಂತೆ ಲೆಕ್ಕ ಹಾಕಿದರೆ ಸೂರ್ಯನು ನಮ್ಮ ನೆತ್ತಿಯ ರೇಖೆಗೆ ಬರುವುದು ಸುಮಾರು ಇಪ್ಪತ್ತು ನಿಮಿಷ ತಡ. ಭೂಮಿಯ ಕಕ್ಷೆ ಪೂರ್ಣವೃತ್ತವಲ್ಲದಿರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಇನ್ನು ಕೆಲವು ನಿಮಿಷಗಳ ವ್ಯತ್ಯಾಸ ಬರುತ್ತದೆ. ಅಂತೂ ಮಾರ್ಚ್ ೨೧ರ ಸುಮಾರಿಗೆ ಬೆಂಗಳೂರಿನ ಮಧ್ಯಾಹ್ನ ೧೨ ಗಂಟೆ ೨೭ ನಿಮಿಷಕ್ಕೂ, ಏಪ್ರಿಲ್ ನಡುವಿನಲ್ಲಿ ೧೨ ಗಂಟೆ ೨೦ ನಿಮಿಷಕ್ಕೂ ಆಗುತ್ತದೆ.

ಆ ಗಳಿಗೆಯಲ್ಲಿ ನೆರಳಿನ ಉದ್ದವನ್ನು ಅಳೆದು ಬರೆದುಕೊಳ್ಳಿ. ಒಂದು ಮೀಟರ್ ಕೋಲಿಗೆ ಮಾರ್ಚ್ ೨೧ರಂದು ಸುಮಾರು ೨೩ ಸೆಂಟಿಮೀಟರ್ ನೆರಳು ಬೀಳುತ್ತದೆ. ಮಾರ್ಚ್ ೩೦ರಂದು ಸುಮಾರು ೧೬. ಏಪ್ರಿಲ್ ೯ರಂದು ಒಂಬತ್ತೂವರೆ. ಏಪ್ರಿಲ್ ೨೪ರ ಸುಮಾರಿಗೆ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆಯೇ ಬರುವುದರಿಂದ ನೆರಳು ಕೋಲಿನ ಬುಡದಲ್ಲಿ ಅಡಗಿಹೋಗುತ್ತದೆ. ಆಗಸ್ಟ್ ೧೮ರ ಸುಮಾರಿಗೆ ಮತ್ತೊಮ್ಮೆ ಹೀಗಾಗುತ್ತದೆ.

ಇಷ್ಟರಿಂದ ಏನು ಪ್ರಯೋಜನವೆಂದು ಕೇಳಬಹುದು. ಇದೇ ನೆರಳಿನಿಂದ ಭೂಮಿಯ ಸುತ್ತಳತೆಯನ್ನು ಕಂಡುಹಿಡಿಯಬಹುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ಎರಟೋಸ್ತನೀಸನು ಇದನ್ನು ಮಾಡಿದನು. ದಕ್ಷಿಣದ ಸಯೀನ್ ಪಟ್ಟಣದಲ್ಲಿ ನೆರಳಿಲ್ಲದ ದಿನ ಅಲೆಗ್ಸಾಂಡ್ರಿಯದಲ್ಲಿ ಸೂರ್ಯನು ನೆತ್ತಿಯಿಂದ ವೃತ್ತದ ಐವತ್ತರಲ್ಲಿ ಒಂದು ಪಾಲು ಓರೆಯಾಗಿದ್ದನು. ಹಾಗಾದರೆ ಎರಡು ಊರುಗಳ ನಡುವಣ ದೂರದ ಐವತ್ತರಷ್ಟೇ ಭೂಮಿಯ ಸುತ್ತಳತೆ.

ಕನ್ನಡನಾಡಿನಲ್ಲಿ ಈ ಪ್ರಯೋಗಕ್ಕೆ ಬಹು ಅನುಕೂಲವಾದ ಒಂದು ಜೋಡಿಯಿದೆ. ಬೀದರ್ ಪಟ್ಟಣವು ಬೆಂಗಳೂರಿಗೆ ಹೆಚ್ಚುಕಡಮೆ ನೇರ ಉತ್ತರದಲ್ಲಿದೆ. ಎರಡರ ರೇಖಾಂಶವೂ ಸುಮಾರು ೭೭½ ಡಿಗ್ರಿ. ಎರಡೂ ಊರುಗಳಲ್ಲಿ ಮಧ್ಯಾಹ್ನ ಒಟ್ಟಿಗೇ ಆಗುತ್ತದೆ. ಬೀದರಿನಲ್ಲಿ ನೆಂಟರೋ ಗೆಳೆಯರೋ ಇದ್ದರೆ ಅದೇ ದಿನ ಅಲ್ಲಿಯೂ ಒಂದು ಮೀಟರ್ ಕೋಲನ್ನು ನಿಲ್ಲಿಸಿ ಅಳೆಯುವಂತೆ ಹೇಳಿರಿ. ಮಾರ್ಚ್ ೨೧ರಂದಾದರೆ ಅಲ್ಲಿನ ನೆರಳು ಸುಮಾರು ೩೨ ಸೆಂಟಿಮೀಟರ್. ಕೋಲು ಮತ್ತು ನೆರಳನ್ನು ಕಾಗದದ ಮೇಲೆ ಪ್ರಮಾಣಕ್ಕೆ ಸರಿಯಾಗಿ ಬರೆದು, ಕೋಲಿನ ತುದಿಯ ಕೋನವನ್ನು ಅಳೆದರೆ ಬೆಂಗಳೂರಿಗೆ ೧೩ ಡಿಗ್ರಿ, ಬೀದರಿಗೆ ೧೮ ಡಿಗ್ರಿ ಬರುತ್ತದೆ. ವ್ಯತ್ಯಾಸ ೫ ಡಿಗ್ರಿ. ಬೇರೆ ದಿನ ಅಳೆದರೆ ಕೋನಗಳು ಬದಲಾಗುತ್ತವೆ. ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಭೂಪಟದಲ್ಲಿ ಎರಡು ಊರುಗಳ ನಡುವಣ ನೇರ ದೂರ ಸುಮಾರು ೫೫೦ ಕಿಲೋಮೀಟರ್. ರಸ್ತೆಯ ದೂರವನ್ನು ತೆಗೆದುಕೊಳ್ಳಬಾರದು. ರಸ್ತೆ ಬಳಸಿಕೊಂಡು ಹೋಗುತ್ತದೆ. ವೃತ್ತದಲ್ಲಿ ಐದು ಡಿಗ್ರಿಗಳು ೭೨ ಸಲ ಬರುತ್ತವೆ. ೭೨ನ್ನು ೫೫೦ರಿಂದ ಗುಣಿಸಿದರೆ ೩೯,೬೦೦ ಕಿಲೋಮೀಟರ್. ನಿಜವಾದ ಬೆಲೆ ಸುಮಾರು ೪೦,೦೦೦.

ನಿಮ್ಮ ಉತ್ತರ ಇಷ್ಟು ಚೆನ್ನಾಗಿ ಬರದಿದ್ದರೆ ನಿರಾಶರಾಗಬೇಡಿ. ಏಕೆ ಬರಲಿಲ್ಲವೆಂದು ಯೋಚಿಸಿ. ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ನೆರಳಿನ ತುದಿ ಹರಿತವಾಗಿರದೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಇದರಿಂದ ಕೋನದ ವ್ಯತ್ಯಾಸದಲ್ಲಿ ಅರ್ಧ ಡಿಗ್ರಿ ತಪ್ಪಾದರೂ ಉತ್ತರವು ೩೬,೦೦೦ದಿಂದ ೪೪,೦೦೦ದ ವರೆಗೆ ಎಲ್ಲಿ ಬೇಕಾದರೂ ಬರಬಹುದು. ಅಳತೆಯಷ್ಟೇ ಅಳತೆಯ ತಪ್ಪಿನ ಮಿತಿಯನ್ನು ತಿಳಿಯುವುದೂ ವಿಜ್ಞಾನವೇ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ಮೋಜಣಿಯ ಅಡಿರೇಖೆಯೊಂದನ್ನು ನೂರಡಿಯ ಉಕ್ಕಿನ ಸರಪಣಿಯಿಂದ ಅಳೆದಾಗ, ಬಿಸಿಲಿಗೆ ಸರಪಣಿ ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡನು. ಮುಂದೆ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ವರೆಗೆ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಅಂತಹ ಎಚ್ಚರಿಕೆಯ ಫಲ.

ಎರಡನೆಯ ದಿನ, ಬೆಳಿಗ್ಗೆ: ಲಾಲ್‌ಬಾಗಿನ ಬಂಡೆ

ಎರಡನೆಯ ದಿನ ಬಿಸಿಲೇರುವ ಮುಂಚೆಯೇ ಲಾಲ್‌ಬಾಗಿಗೆ ಹೋಗೋಣ. ೧೭೬೦ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು ೨೪೦ ಎಕರೆ ವಿಸ್ತಾರವಾಗಿದೆ. ೧೮೮೯ರ ಗಾಜಿನ ಮನೆಯನ್ನು ನೋಡಲು ಎಲ್ಲರೂ ಹೋಗುತ್ತಾರೆ. ನಾವು ಮೊದಲು ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಏರೋಣ.

ಈ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬಾಗಿ ನೋಡಿದರೆ ಕಲ್ಲಿನ ಮೈಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆಅಲೆಯಾಗಿ ಓಡಿರುವುದು ಕಾಣುತ್ತದೆ. ಇಂತಹ ಪಟ್ಟೆಶಿಲೆಗೆ ನೈಸ್ ಎಂದು ಹೆಸರು. ನೆಲದ ಆಳದಲ್ಲಿ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ, ಕಲ್ಲು ಕಲಸಿದ ಹಿಟ್ಟಿನಂತೆ ನಾದಲ್ಪಟ್ಟು ಮಡಿಕೆ ಬಿದ್ದುದರ ಗುರುತು ಈ ಪಟ್ಟೆಗಳು. ಬಿಳಿಯ ಪಟ್ಟೆಗಳಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಹೆಚ್ಚು; ಕಪ್ಪಿನಲ್ಲಿ ಕಪ್ಪು ಅಭ್ರಕ, ಅಂದರೆ ನಮ್ಮ ಜನ ಕಾಗೆಬಂಗಾರವೆನ್ನುವ ಜಾತಿಯ ಖನಿಜ, ಹೆಚ್ಚು.

೩೦೦ ಕೋಟಿ ಎಂಬ ಸಂಖ್ಯೆ ಬಾಯಿಗೆ ಸುಲಭ, ಮನಸ್ಸಿಗೆ ಕಷ್ಟ. ಇಲ್ಲಿ ನಮ್ಮ ಮೂರು ಮೀಟರ್ ದಾರವನ್ನು ಬಂಡೆಯ ಮೇಲೆ ಹಾಸೋಣ. ಒಂದು ತುದಿ ಬಂಡೆ ಹುಟ್ಟಿದ ಕಾಲ, ಇನ್ನೊಂದು ತುದಿ ಇಂದು. ಈ ದಾರದಲ್ಲಿ ಒಂದು ಮಿಲಿಮೀಟರಿಗೆ ಹತ್ತು ಲಕ್ಷ ವರ್ಷ. ಡೈನೋಸಾರುಗಳು ಅಳಿದುದು ಇಂದಿನ ತುದಿಯಿಂದ ಆರೂವರೆ ಸೆಂಟಿಮೀಟರ್ ಹಿಂದೆ. ನಮ್ಮ ಮಾನವಜಾತಿ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷ. ಅದು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ಕಡಮೆ. ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿಸಿದ ಬೆಂಗಳೂರಿನ ಇತಿಹಾಸವೆಲ್ಲ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ.

ಬಂಡೆ ಅಚಲವೆಂದು ತಿಳಿಯಬಾರದು. ಹಗಲಿನ ಬಿಸಿಲು, ಇರುಳಿನ ತಂಪು, ಮಳೆಯ ನೀರು ಇವುಗಳಿಂದ ಅದರ ಮೈ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಬೂದಿ ಹಸಿರು ಬಣ್ಣದ ಮಚ್ಚೆಗಳಂತೆ ಕಾಣುವ ಕಲ್ಲುಹೂವುಗಳು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿಗಳು. ಅವು ಹೊರಸೂಸುವ ಆಮ್ಲಗಳು ಕಲ್ಲನ್ನು ಕ್ರಮೇಣ ಕರಗಿಸುತ್ತವೆ. ಬಿರುಕಿನಲ್ಲಿ ಸೇರಿದ ಒಂದು ಚಿಟಿಕೆ ಮಣ್ಣಿನಲ್ಲಿ ಹುಲ್ಲು ಬೇರೂರುತ್ತದೆ. ಲಾಲ್‌ಬಾಗಿನ ಮರಗಳೆಲ್ಲ ನಿಂತಿರುವ ಮಣ್ಣು ಹೀಗೆಯೇ ಹುಟ್ಟಿದುದು. ಇವನ್ನೆಲ್ಲ ಭೂತಗನ್ನಡಿಯಿಂದ ನೋಡಿ. ಕಲ್ಲನ್ನು ಒಡೆಯುವುದಾಗಲಿ ಕೆರೆಯುವುದಾಗಲಿ ಬೇಡ.

ಬಂಡೆಯಿಂದ ಇಳಿಯುವ ಮೊದಲು ಒಂದು ಸಂಗತಿಯನ್ನು ಗಮನಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದ ಏಣಿನ ಮೇಲೆ ಕುಳಿತಿದೆ. ಲಾಲ್‌ಬಾಗಿನ ಕೆರೆಯ ನೀರು ಪೂರ್ವದ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರತಕ್ಕದ್ದು. ಇಲ್ಲಿಂದ ನಡೆದೇ ಹೋಗಬಹುದಾದ ಬಸವನಗುಡಿಯ ಪಶ್ಚಿಮದ ಇಳಿಜಾರಿನ ನೀರಾದರೋ ವೃಷಭಾವತಿಯಾಗಿ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಅರ್ಧ ಗಂಟೆಯ ನಡಿಗೆಯ ಅಂತರದಲ್ಲಿ ಬಿದ್ದ ಎರಡು ಮಳೆಹನಿಗಳು ಬಂಗಾಳಕೊಲ್ಲಿಯನ್ನು ಬೇರೆ ಬೇರೆ ಕಡೆಗಳಲ್ಲಿ ಸೇರುತ್ತವೆ. ಈ ನೀರ್ದಾರಿಗಳಲ್ಲಿ ಈಗ ಹರಿಯುವುದು ಹೆಚ್ಚಾಗಿ ಊರಿನ ಕೊಳಚೆ ಎಂಬುದನ್ನೂ ನಿಮ್ಮ ಪುಸ್ತಕದಲ್ಲಿ ಮರೆಯದೆ ಬರೆಯಿರಿ.

ಅದೇ ದಿನ: ಮರಗಳ ದಿನಚರಿ

ಈಗ ಮರಗಳ ಕಡೆಗೆ ತಿರುಗೋಣ. ಮಳೆಗೆ ಇನ್ನೂ ಎರಡು ತಿಂಗಳಿರುವಾಗ, ನೆಲ ಒಣಗಿರುವಾಗ, ಮರಗಳು ಚಿಗುರುವುದು ಆಶ್ಚರ್ಯವಲ್ಲವೆ? ಹೊಂಗೆ ಹಳೆಯ ಎಲೆಯನ್ನು ಉದುರಿಸಿ ಹೊಳೆಯುವ ಎಳೆಹಸಿರನ್ನು ಹೊದೆಯುತ್ತದೆ. ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿರುತ್ತದೆ. ಬೂರುಗ, ಮುತ್ತುಗಗಳು ಬರಿಯ ಕೊಂಬೆಗಳಲ್ಲೇ ಕೆಂಪು ಹೂಗಳನ್ನು ತಳೆದು ಈ ಹೊತ್ತಿಗೆ ಮುಗಿಸುತ್ತಿರುತ್ತವೆ. ಇದರ ಗುಟ್ಟು ಬೇರಿನಲ್ಲಿದೆ. ದೊಡ್ಡ ಮರಗಳ ಬೇರುಗಳು ಆಳದ ತೇವವನ್ನು ಮುಟ್ಟಬಲ್ಲವು. ಹಳೆಯ ಎಲೆಗಳು ಉದುರಿದಾಗ ಆವಿಯಾಗುವ ನೀರೂ ಉಳಿಯುತ್ತದೆ. ಎಲೆಗಳ ಮರೆಯಿಲ್ಲದ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಮುಂಗಾರು ಬರುವ ವೇಳೆಗೆ ಎಲೆ ಬಲಿತು ಕೆಲಸಕ್ಕೆ ಸಿದ್ಧವಾಗಿರುತ್ತದೆ.

ಬೆಂಗಳೂರಿನ ಬೀದಿಗಳ ವಸಂತದಲ್ಲಿ ಪರದೇಶದ ಪಾಲೂ ಉಂಟು. ತಿಳಿಗೆಂಪು ಮತ್ತು ಹಳದಿ ಬಣ್ಣದ ಟಬೆಬುಯ, ನೀಲಿನೇರಳೆಯ ಜಕರಂದಗಳು ದಕ್ಷಿಣ ಅಮೆರಿಕ ಖಂಡದ ಕಡೆಯವು. ಸ್ವಲ್ಪ ತಡವಾಗಿ ಅರಳುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸುವ ಯೋಜನೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ, ಜರ್ಮನಿಯಿಂದ ಬಂದ ಉದ್ಯಾನತಜ್ಞ ಕ್ರುಂಬಿಗಲ್ ಅವರದು. ೧೯೫೬ರಲ್ಲಿ ಅವರು ಈ ಊರಿನಲ್ಲಿಯೇ ನಿಧನರಾದರು.

ಇಂದಿನ ಮುಖ್ಯ ಕೆಲಸ ಇನ್ನು ಮುಂದಿದೆ. ನಿಮ್ಮ ಮನೆಯ ಅಥವಾ ಕಾಲೇಜಿನ ದಾರಿಯಲ್ಲಿರುವ ಒಂದು ಮರವನ್ನು ಆರಿಸಿಕೊಳ್ಳಿ. ಬೇವಾದರೆ ಬಹಳ ಒಳ್ಳೆಯದು. ಪುಸ್ತಕದ ಒಂದು ಪುಟದಲ್ಲಿ ಮರದ ಹೆಸರು, ನಿಂತಿರುವ ಸ್ಥಳ, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ಇವನ್ನು ಬರೆಯಿರಿ. ಕೆಳಗೆ ಆರು ಅಂಕಣಗಳನ್ನು ಎಳೆಯಿರಿ: ತಾರೀಖು, ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ. ವಾರಕ್ಕೊಮ್ಮೆ ಅದೇ ಮರವನ್ನು ನೋಡಿ, ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ತುಂಬ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಇಲ್ಲ ಎಂಬುದನ್ನೂ ಬರೆಯಲೇಬೇಕು. ಬರೆಯದೆ ಬಿಟ್ಟ ಜಾಗ ಹೂವಿರಲಿಲ್ಲವೆಂದು ಹೇಳುವುದಿಲ್ಲ, ನೋಡಿದವರಿರಲಿಲ್ಲವೆಂದು ಮಾತ್ರ ಹೇಳುತ್ತದೆ.

ಇಷ್ಟು ಸಣ್ಣ ಕೆಲಸದಿಂದ ಏನಾದೀತು? ಜಪಾನಿನ ಕ್ಯೋಟೋ ನಗರದ ನಿದರ್ಶನವನ್ನು ನೋಡಿ. ಅಲ್ಲಿ ಒಂಬತ್ತನೆಯ ಶತಮಾನದಿಂದ ಈಚೆಗೆ ಆಸ್ಥಾನಿಕರೂ ಮಠವಾಸಿಗಳೂ ಚೆರಿ ಹೂವು ಅರಳಿದ ಉತ್ಸವದ ದಿನವನ್ನು ತಮ್ಮ ದಿನಚರಿಗಳಲ್ಲಿ ಬರೆದಿಟ್ಟರು. ಹವಾಮಾನದ ಅಧ್ಯಯನ ಅವರ ಮನಸ್ಸಿನಲ್ಲಿರಲಿಲ್ಲ. ಆದರೂ ಸಾವಿರದ ಇನ್ನೂರು ವರ್ಷಗಳ ಆ ತಾರೀಖುಗಳನ್ನು ಇಂದಿನ ವಿಜ್ಞಾನಿಗಳು ಜೋಡಿಸಿ ನೋಡಿದಾಗ ವಸಂತವು ಈಚಿನ ಒಂದೂವರೆ ಶತಮಾನದಲ್ಲಿ ಮುಂಚೆ ಬರುತ್ತಿರುವುದು ಕಂಡುಬಂದಿತು. ೨೦೨೧ರಲ್ಲಿ ಅಲ್ಲಿ ಹೂವು ಪೂರ್ಣವಾಗಿ ಅರಳಿದ್ದು ಮಾರ್ಚ್ ೨೬ರಂದು. ಅಷ್ಟು ಬೇಗ ಅರಳಿದುದು ಅಲ್ಲಿಯ ವರೆಗಿನ ದಾಖಲೆಯಲ್ಲಿ ಇರಲಿಲ್ಲ. ನಮ್ಮ ಬೇವಿಗೆ, ನಮ್ಮ ಹೊಂಗೆಗೆ ಇಂತಹ ಪುಸ್ತಕವಿಲ್ಲ. ಶಾಲೆಯ ಮಕ್ಕಳೂ ಸೇರಿ ದೇಶದ ನಾನಾ ಕಡೆ ಮರಗಳ ಋತುಚರ್ಯೆಯನ್ನು ಬರೆದು ಸೇರಿಸುವ ಸೀಸನ್‌ವಾಚ್ ಎಂಬ ಯೋಜನೆ ಈಗ ನಮ್ಮಲ್ಲಿಯೂ ನಡೆದಿದೆ. ನಿಮ್ಮ ಮರದ ಪುಟ ಅಲ್ಲಿಗೆ ಸೇರಬಹುದು.

ಎರಡನೆಯ ದಿನ, ಸಂಜೆ: ದೋಣಿಯಂತಹ ಚಂದ್ರ

ಯುಗಾದಿಯ ಚಂದ್ರನನ್ನು ನೋಡುವುದು ನಮ್ಮ ಜನರ ಹಳೆಯ ಪದ್ಧತಿ. ಅಮಾವಾಸ್ಯೆ ಕಳೆದ ಹೊತ್ತಿಗೆ ಅನುಸಾರವಾಗಿ ಕೆಲವು ವರ್ಷ ಹಬ್ಬದ ಸಂಜೆಯೇ, ಹೆಚ್ಚಾಗಿ ಮರುದಿನ ಸಂಜೆ, ಅದು ಪಶ್ಚಿಮದಲ್ಲಿ ಎಳೆಯಂತೆ ಕಾಣುತ್ತದೆ. ಸೂರ್ಯ ಪೂರ್ತಿಯಾಗಿ ಮುಳುಗಿದ ಮೇಲೆ, ದಿಗಂತ ತೆರೆದಿರುವ ಮಾಳಿಗೆಯಿಂದ ನೋಡಬೇಕು.

ಚಂದ್ರನ ಎರಡು ಕೋಡುಗಳಲ್ಲಿ ಯಾವುದು ಮೇಲಿದೆಯೆಂದು ನೋಡಿ ಮಳೆಬೆಳೆಗಳ ಫಲವನ್ನು ಹೇಳುವ ಹಿರಿಯರು ಕೆಲವು ಕಡೆ ಇದ್ದಾರೆ. ಫಲದ ಮಾತು ಹಾಗಿರಲಿ. ಕೋಡುಗಳ ಓರೆಯು ಗಣಿತದ ವಿಷಯ. ಸೂರ್ಯಸಿದ್ಧಾಂತದಲ್ಲಿ ಇದನ್ನು ಶೃಂಗೋನ್ನತಿ ಎಂಬ ಹೆಸರಿನಲ್ಲಿ ಲೆಕ್ಕ ಹಾಕುವ ಕ್ರಮವನ್ನೇ ಹೇಳಿದೆ. ಚಂದ್ರನ ಬೆಳಗಿದ ಅಂಚು ಯಾವಾಗಲೂ ಸೂರ್ಯನಿರುವ ಕಡೆಗೆ ಇರುತ್ತದೆ. ವಸಂತದ ಸಂಜೆ, ನಮ್ಮ ಅಕ್ಷಾಂಶದಲ್ಲಿ, ಸೂರ್ಯಚಂದ್ರರು ಸಾಗುವ ಕ್ರಾಂತಿವೃತ್ತವು ಪಶ್ಚಿಮ ದಿಗಂತದಿಂದ ಬಹುಮಟ್ಟಿಗೆ ನೆಟ್ಟಗೆ ಎದ್ದಿರುತ್ತದೆ. ಆದುದರಿಂದ ಚಂದ್ರನು ಮುಳುಗಿದ ಸೂರ್ಯನ ಮೇಲ್ಗಡೆಗೇ ಇದ್ದು, ಬೆಳಗಿದ ಅಂಚು ಕೆಳಗಾಗಿ, ಎರಡು ಕೋಡುಗಳೂ ಮೇಲಾಗಿ ದೋಣಿಯಂತೆ ತೋರುತ್ತಾನೆ. ಸೆಪ್ಟೆಂಬರಿನ ಬಿದಿಗೆಯ ಚಂದ್ರನಾದರೆ ಚೆನ್ನಾಗಿ ಓರೆಯಾಗಿರುತ್ತಾನೆ. ಇಂದು ನೋಡಿದ ಆಕಾರವನ್ನು ದಿಗಂತದ ರೇಖೆಯೊಡನೆ ಚಿತ್ರಿಸಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಹೋಲಿಸಿ ನೋಡಿ.

ಎಳೆಯ ಚಂದ್ರನ ಕತ್ತಲೆಯ ಭಾಗವೂ ಮಂದವಾಗಿ ಕಾಣುವುದನ್ನು ಗಮನಿಸಿ. ಅದು ಭೂಮಿಯ ಬೆಳಕು. ಸೂರ್ಯನ ಬೆಳಕು ನಮ್ಮ ಭೂಮಿಯಿಂದ ಪ್ರತಿಫಲಿಸಿ ಚಂದ್ರನನ್ನು ಮುಟ್ಟಿ ಮತ್ತೆ ನಮ್ಮ ಕಣ್ಣಿಗೆ ಬರುತ್ತಿದೆ.

ಮೂರನೆಯ ದಿನ: ರಾಮನಗರದ ಬೆಟ್ಟ

ಮೂರನೆಯ ದಿನ ಊರಿನ ಹೊರಗೆ ಹೋಗೋಣ. ಮೈಸೂರಿನ ರೈಲುದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ರಾಮನಗರವಿದೆ. ಬೆಳಗಿನ ಮೊದಲ ಗಾಡಿಯಲ್ಲಿ ಹೊರಟರೆ ಬಿಸಿಲೇರುವ ಮುಂಚೆ ಬೆಟ್ಟಗಳ ಬುಡವನ್ನು ಸೇರಬಹುದು.

ಇಲ್ಲಿನ ಕಲ್ಲನ್ನು ನಿನ್ನೆ ಲಾಲ್‌ಬಾಗಿನಲ್ಲಿ ಕಂಡ ಕಲ್ಲಿನೊಡನೆ ಹೋಲಿಸಿ. ಇಲ್ಲಿ ಪಟ್ಟೆಗಳಿಲ್ಲ, ಬೆರಳಿನಿಂದ ಎಣಿಸಬಹುದಾದಷ್ಟು ದಪ್ಪನೆಯ, ತಿಳಿಗೆಂಪು ಬಣ್ಣದ ಹರಳುಗಳಿವೆ. ಇದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಉಳಿಯಿತು. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ, ಹಳೆಯ ನೈಸ್ ಶಿಲೆಯ ನಡುವೆ ಕರಗಿದ ಶಿಲಾರಸ ನುಗ್ಗಿ, ನೆಲದ ಒಳಗಡೆಯೇ ಮೆಲ್ಲನೆ ಆರಿ ಇದು ಹುಟ್ಟಿತು. ಉತ್ತರದಕ್ಷಿಣವಾಗಿ ಸುಮಾರು ೪೦೦ ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಇದು ಹಬ್ಬಿದೆ. ಮೆಲ್ಲನೆ ಆರಿದ ರಸದಲ್ಲಿ ಹರಳುಗಳು ದೊಡ್ಡವಾಗುತ್ತವೆ. ಸಕ್ಕರೆಯ ಪಾಕ ಬೇಗ ಆರಿದರೆ ಸಣ್ಣ ಹರಳಾಗಿ, ದಿನಗಟ್ಟಲೆ ನಿಂತರೆ ಕಲ್ಲುಸಕ್ಕರೆಯಾಗಿ ಕಟ್ಟುವುದನ್ನು ನೀವು ಬಲ್ಲಿರಷ್ಟೆ. ಮೇಲಿನ ನೆಲವೆಲ್ಲ ಸವೆದುಹೋದ ಮೇಲೆ ಈ ಗಟ್ಟಿ ಕಲ್ಲು ಗುಡ್ಡಗಳಾಗಿ ಎದ್ದು ನಿಂತಿತು.

ಇಲ್ಲಿಯ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತಿದ್ದುದರಿಂದ ೨೦೧೨ರಲ್ಲಿ ಸರಕಾರ ಇದನ್ನು ರಣಹದ್ದುಗಳ ಧಾಮವೆಂದು ಸಾರಿತು. ಒಂದು ಕಾಲದಲ್ಲಿ ದೇಶದ ತುಂಬ ಇದ್ದ ಈ ಹಕ್ಕಿಗಳು ೧೯೯೦ರ ದಶಕದಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದುಹೋದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸಿದುದೇ ಇದಕ್ಕೆ ಮುಖ್ಯ ಕಾರಣವೆಂದು ತಿಳಿದುಬಂದಿತು. ೨೦೦೬ರಲ್ಲಿ ಪಶುಗಳಿಗೆ ಆ ಔಷಧವನ್ನು ಕೊಡುವುದನ್ನು ಭಾರತದಲ್ಲಿ ನಿಷೇಧಿಸಿದರು. ಬಂಡೆಯ ಕಡೆ ಒಂದು ಗಂಟೆ ಸುಮ್ಮನೆ ಕುಳಿತು ನೋಡಿ. ರಣಹದ್ದು ಕಂಡರೆ ಎಷ್ಟು, ಎಷ್ಟು ಹೊತ್ತಿಗೆ ಎಂದು ಬರೆಯಿರಿ. ಕಾಣದಿದ್ದರೆ ಕಾಣಲಿಲ್ಲವೆಂದು ಬರೆಯಿರಿ. ಆ ಸಾಲಿಗೂ ಅಷ್ಟೇ ಬೆಲೆಯಿದೆ.

ಎಚ್ಚರಿಕೆಯ ಮಾತುಗಳು ಕೆಲವು. ಅರಣ್ಯ ಇಲಾಖೆ ಅನುಮತಿಸಿದ ದಾರಿಯಲ್ಲಿ ಮಾತ್ರ ಹೋಗಬೇಕು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕೂಗುವುದು, ಹೊಗೆ ಮಾಡುವುದು, ಕಲ್ಲೆಸೆಯುವುದು ಪ್ರಾಣಕ್ಕೆ ಅಪಾಯ. ಕಲ್ಲುಗಣಿಯ ಹೊಂಡಗಳ ನೀರಿಗೆ ಇಳಿಯಬಾರದು. ಕುಡಿಯುವ ನೀರನ್ನು ಕೊಂಡೊಯ್ಯಿರಿ. ಹತ್ತೂವರೆ ಹನ್ನೊಂದಕ್ಕೆಲ್ಲ ಹಿಂದಿರುಗಿರಿ.

ಅಷ್ಟು ದೂರ ಹೋಗಲಾರದವರು ೧೯೬೨ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿಯೋ, ೧೯೮೯ರಿಂದ ಇರುವ ಜವಾಹರಲಾಲ್ ನೆಹರೂ ತಾರಾಲಯದಲ್ಲಿಯೋ ಅರ್ಧ ದಿನವನ್ನು ಚೆನ್ನಾಗಿ ಕಳೆಯಬಹುದು. ನಂದಿಬೆಟ್ಟಕ್ಕೆ ಹೋಗುವವರು ಒಂದು ಉಷ್ಣಮಾಪಕವನ್ನು ಒಯ್ಯಲಿ. ಬೆಟ್ಟದ ಎತ್ತರ ೧೪೭೮ ಮೀಟರ್. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಅದು ಬೆಂಗಳೂರಿಗಿಂತ ಮೂರೂವರೆ ಡಿಗ್ರಿಯಷ್ಟು ತಂಪಾಗಿರಬೇಕು. ನೆರಳಿನಲ್ಲಿ ಅಳೆದು, ಲೆಕ್ಕ ಸರಿಯೆ ಎಂದು ನೋಡಲಿ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

೧. ಬೆಂಗಳೂರಿನಲ್ಲಿ ನೆರಳಿಲ್ಲದ ಮಧ್ಯಾಹ್ನ ಏಪ್ರಿಲ್ ೨೪ರ ಸುಮಾರಿಗೆ ಬರುತ್ತದೆ. ಬೀದರಿನಲ್ಲಿ ಅದಕ್ಕೆ ಮೊದಲು ಬರಬೇಕೆ, ಆಮೇಲೆ ಬರಬೇಕೆ? ಕಾರಣ ಕೊಡಿ.

೨. ದಿಲ್ಲಿಯಲ್ಲಿ ನೆರಳಿಲ್ಲದ ಮಧ್ಯಾಹ್ನ ವರ್ಷದಲ್ಲಿ ಒಂದು ದಿನವೂ ಬರುವುದಿಲ್ಲ. ಏಕೆ?

೩. ಕೋಲಿನ ಉದ್ದವನ್ನು ಎರಡು ಮೀಟರ್ ಮಾಡಿದರೆ ನೆರಳು ಉದ್ದವಾಗುತ್ತದೆ. ಅದರ ತುದಿಯ ಮಸುಕು ಏನಾಗುತ್ತದೆ? ಅಳತೆ ಹೆಚ್ಚು ನಿಖರವಾಗುವುದೆ?

೪. ಒಂದು ಬೀದಿಯ ಹತ್ತು ಬೇವಿನ ಮರಗಳೆಲ್ಲ ಒಂದೇ ದಿನ ಹೂ ಬಿಡುವುದಿಲ್ಲ. ಹಾಗಿದ್ದರೆ ಬೇವು ಹೂ ಬಿಟ್ಟ ದಿನವೆಂದು ಯಾವುದನ್ನು ಹೇಳಬೇಕು?

ಈ ನಾಲ್ಕನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಮ್ಮ ಗೆಳೆಯರೊಡನೆ ಚರ್ಚಿಸಿ ಒಂದು ನಿಯಮವನ್ನು ಮಾಡಿಕೊಳ್ಳಿ; ಆ ನಿಯಮವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದು, ಮತ್ತೆ ಬದಲಾಯಿಸಬೇಡಿ.

ಮೂರು ದಿನಗಳು ಕಳೆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಕೆಲವೇ ಪುಟಗಳು: ಒಂದು ನೆರಳಿನ ಅಳತೆ, ಕಲ್ಲುಗಳ ಎರಡು ಚಿತ್ರ, ಚಂದ್ರನ ಒಂದು ಚಿತ್ರ, ಹಕ್ಕಿಗಳ ಒಂದು ಎಣಿಕೆ, ಒಂದು ಮರದ ಹೆಸರು ಮತ್ತು ಒಂದು ತಾರೀಖು. ಮರದ ಪುಟ ಮುಂದಿನ ಯುಗಾದಿಗೆ ಎರಡಾಗಲಿ. ಹತ್ತು ಯುಗಾದಿಗಳು ಕಳೆದ ಮೇಲೆ ಬೇವು ಯಾವಾಗ ಹೂ ಬಿಡುತ್ತದೆ ಎಂದು ಯಾರಾದರೂ ಕೇಳಿದರೆ, ನಮ್ಮಂತೆ ನೆನಪನ್ನು ತಡಕಾಡುವ ಕಷ್ಟ ನಿಮಗಿರುವುದಿಲ್ಲ. ಪುಸ್ತಕವನ್ನು ತೆಗೆದು ತೋರಿಸುವಿರಿ.